ವಾರ್ಜೆಯ ಎಟಿಎಂನಿಂದ ಇಂಡಿಯ ಬ್ಯಾಂಕಿನವರೆಗೆ: ನಮ್ಮ ಕಾರ್ಡಿನ ಗುಟ್ಟು ಎಲ್ಲಿ ಭದ್ರ, ಎಲ್ಲಿ ಬಯಲು

ಪುಣೆಯ ವಾರ್ಜೆಯಲ್ಲಿ ನಾಕಾದ ಹತ್ತಿರ ಒಂದು ಎಟಿಎಂ ಇದೆ. ಶನಿವಾರ ಸಂಜೆ ಅಲ್ಲಿ ಸಾಲು ಉದ್ದ. ಅಂದು ಬಟವಾಡೆಯ ದಿನ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವವರು ಜಾಸ್ತಿ. ಒಂದು ಶನಿವಾರ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತ ಸಾಲಿನಲ್ಲಿ ನಿಂತಿದ್ದೆ. ಫೋನ್ ಇಟ್ಟ ಕೂಡಲೇ ಹಿಂದೆ ನಿಂತಿದ್ದವರು ಕೇಳಿದರು: "ಸರ, ನೀವು ಕನ್ನಡದವರೇನ್ರಿ? ಎರಡ ಸಾವಿರ ತಗದ ಕೊಡ್ರಿ. ನನಗ ಈ ಮಷಿನ್ ತಿಳಿಯಂಗಿಲ್ಲ."

ಅವರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಗೌಂಡಿ. ವಯಸ್ಸು ಐವತ್ತರ ಆಸುಪಾಸು. ಜನಧನ ಖಾತೆಯ ರುಪೇ ಕಾರ್ಡನ್ನು ನನ್ನ ಕೈಗಿಟ್ಟರು. ಕಾರ್ಡಿನ ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ನಾಲ್ಕು ಅಂಕಿ ಬರೆದಿತ್ತು. ಕನ್ನಡ ಅಂಕಿಗಳು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅವರೇ ಹೇಳಿದರು: "ಮಗಳು ಬರದಾಳ್ರಿ. ಕನ್ನಡದಾಗ ಬರದ್ರ ಪುಣ್ಯಾದಾಗ ಯಾರಿಗೂ ಓದಾಕ ಬರಂಗಿಲ್ಲ ಅಂದಳು."

ಆ ಹುಡುಗಿಯ ಉಪಾಯ ನನ್ನ ಮನಸ್ಸಿನಿಂದ ಹೋಗಿಲ್ಲ. ಎಟಿಎಂಗಳ ಹಿಂದೆ ಕೆಲಸ ಮಾಡುವ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸುವ ಕೆಲಸವನ್ನು ನಾನು ಹಿಂಜೆವಾಡಿಯಲ್ಲಿ ಹಲವು ವರ್ಷ ಮಾಡಿದ್ದೇನೆ. ಆ ದೊಡ್ಡ ವ್ಯವಸ್ಥೆ ಮಾಡುವುದೂ ಅವಳು ಮಾಡಿದ್ದನ್ನೇ. ಗುಟ್ಟನ್ನು ಬೇರೆಯವರಿಗೆ ಓದಲು ಬಾರದ ಹಾಗೆ ಬರೆದಿಡುವುದು. ಅವಳ ಉಪಾಯದಲ್ಲಿ ಇದ್ದ ಕೊರತೆ ಒಂದೇ. ಕನ್ನಡ ಓದಲು ಬರುವ ಯಾರು ಸಿಕ್ಕಿದರೂ ಗುಟ್ಟು ಬಯಲು. ನನ್ನಂಥವನೊಬ್ಬ ಸಾಲಿನಲ್ಲಿ ಮುಂದೆಯೇ ನಿಂತಿದ್ದೆನಲ್ಲ! ಗುಟ್ಟಿಗೆ ಹೊಸ ಲಿಪಿ ಇದ್ದರೆ ಸಾಲದು, ಅದಕ್ಕೊಂದು ಬೀಗದ ಕೈ ಬೇಕು. ಆ ಕೈ ಕೆಲವೇ ಕಡೆ ಇರಬೇಕು.

ನಾನು ಕಾರ್ಡ್ ವಾಪಸ್ ಕೊಟ್ಟೆ. "ನೀವೇ ಒತ್ತಿ, ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ" ಎಂದೆ. ನಾಲ್ಕೈದು ಸೆಕೆಂಡಿನಲ್ಲಿ ನೋಟು ಬಂತು. ಆ ನಾಲ್ಕೈದು ಸೆಕೆಂಡಿನಲ್ಲಿ ಅವರ ಕಾರ್ಡಿನ ಮಾಹಿತಿ ಎಲ್ಲೆಲ್ಲಿ ಓಡಿತು, ಯಾವ ತಿರುವಿನಲ್ಲಿ ಅದು ಭದ್ರವಾಗಿತ್ತು, ಎಲ್ಲಿ ಸೋರಬಹುದಿತ್ತು ಎಂದು ಹೇಳುತ್ತೇನೆ. ಇದು ತಿಳಿದರೆ ಇನ್ನೊಂದು ಮಾತೂ ಸ್ಪಷ್ಟವಾಗುತ್ತದೆ. ದುಡ್ಡು ಹೋದಾಗ "ತಪ್ಪು ನಿಮ್ಮದೇ" ಎಂದು ಬ್ಯಾಂಕು ಹೇಳಿದರೆ ಅದನ್ನು ಸುಮ್ನೆ ಒಪ್ಪಿಕೊಳ್ಳಬೇಕಾಗಿಲ್ಲ.

ಕಪ್ಪು ಪಟ್ಟಿ ಮತ್ತು ಚಿಪ್

ಕಾರ್ಡಿನ ಹಿಂಭಾಗದಲ್ಲಿ ಒಂದು ಕಪ್ಪು ಪಟ್ಟಿ ಇರುತ್ತದೆ. ಹಳೆಯ ಟೇಪ್ ರೆಕಾರ್ಡರಿನ ಟೇಪ್ ಇದ್ದ ಹಾಗೆಯೇ ಅದು. ಅದರಲ್ಲಿ ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಬ್ಯಾಂಕು ತಾಳೆ ನೋಡಲು ಬಳಸುವ ಕೆಲವು ಅಂಕಿಗಳು ಇರುತ್ತವೆ. ಪಿನ್ ಮಾತ್ರ ಅದರಲ್ಲಿ ಇರುವುದಿಲ್ಲ. ಈ ಪಟ್ಟಿಯಲ್ಲಿರುವುದು ಎಂದೂ ಬದಲಾಗುವುದಿಲ್ಲ. ಇವತ್ತು ಓದಿದರೂ ಅದೇ, ಬರುವ ವರ್ಷ ಓದಿದರೂ ಅದೇ. ಹಿಂದೆ ನಾವು ಒಂದು ಕ್ಯಾಸೆಟ್‌ನಿಂದ ಇನ್ನೊಂದಕ್ಕೆ ಹಾಡು ಇಳಿಸಿಕೊಳ್ಳುತ್ತಿದ್ದೆವಲ್ಲ, ಹಾಗೆ ಈ ಪಟ್ಟಿಯನ್ನೂ ಇನ್ನೊಂದು ಖಾಲಿ ಕಾರ್ಡಿಗೆ ಇಳಿಸಬಹುದು. ನಕಲಿ ಕಾರ್ಡ್ ಹುಟ್ಟುವುದು ಹೀಗೆ.

ಮುಂಭಾಗದ ಚಿನ್ನದ ಬಣ್ಣದ ಚೌಕ ಚಿಪ್. ಅದು ಒಂದು ಚಿಕ್ಕ ಕಂಪ್ಯೂಟರ್. ಅದರ ಹೊಟ್ಟೆಯಲ್ಲಿ ಒಂದು ಗುಪ್ತ ಸಂಖ್ಯೆ ಇದೆ. ಆ ಸಂಖ್ಯೆ ಎಂದೂ ಹೊರಗೆ ಬರುವುದಿಲ್ಲ. ಎಟಿಎಂ ಚಿಪ್‌ಗೆ ಮೊತ್ತ, ದಿನಾಂಕ, ಜೊತೆಗೆ ಆ ಕ್ಷಣಕ್ಕೆ ಹುಟ್ಟಿಸಿದ ಒಂದು ಸಂಖ್ಯೆಯನ್ನು ಕೊಡುತ್ತದೆ. ಚಿಪ್ ತನ್ನ ಗುಪ್ತ ಸಂಖ್ಯೆ ಸೇರಿಸಿ ಲೆಕ್ಕ ಮಾಡಿ ಉತ್ತರವನ್ನಷ್ಟೇ ಹೊರಗೆ ಕೊಡುತ್ತದೆ. ಬ್ಯಾಂಕಿನಲ್ಲೂ ಅದೇ ಲೆಕ್ಕ ನಡೆಯುತ್ತದೆ. ಎರಡೂ ಉತ್ತರ ಒಂದೇ ಆದರೆ ಕಾರ್ಡ್ ಅಸಲಿ. ಮುಂದಿನ ಸಲ ಪ್ರಶ್ನೆ ಬೇರೆ, ಉತ್ತರವೂ ಬೇರೆ. ಹಾಗಾಗಿ ಇವತ್ತಿನ ಉತ್ತರವನ್ನು ಯಾರಾದರೂ ಕದ್ದರೂ ನಾಳೆ ಅದು ಕೆಲಸಕ್ಕೆ ಬಾರದ ಚೀಟಿ.

2018ರ ಡಿಸೆಂಬರ್ 31ರೊಳಗೆ ಎಲ್ಲ ಕಾರ್ಡುಗಳಿಗೂ ಚಿಪ್ ಬರಬೇಕು ಎಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಆಗ ಬ್ಯಾಂಕಿನವರು ಹಳೆಯ ಕಾರ್ಡ್ ವಾಪಸ್ ಪಡೆದು ಹೊಸದನ್ನು ಕೊಟ್ಟದ್ದು ನಿಮಗೂ ನೆನಪಿರಬಹುದು. ಈಗ ಎಟಿಎಂ ಕಾರ್ಡನ್ನು ನುಂಗಿ, ಕೆಲಸ ಮುಗಿಯುವವರೆಗೆ ಹಿಡಿದುಕೊಳ್ಳುವುದು ಕೂಡ ಇದಕ್ಕೇ. ಚಿಪ್ ಜೊತೆ ಮಾತುಕತೆಗೆ ಅಷ್ಟು ಹೊತ್ತು ಬೇಕು.

ಹಾಗಾದರೆ ಕಪ್ಪು ಪಟ್ಟಿ ಯಾಕೆ ಇನ್ನೂ ಉಳಿದಿದೆ? ಅದನ್ನೇ ಓದುವ ಯಂತ್ರಗಳು ಜಗತ್ತಿನ ಕೆಲವು ಕಡೆ ಇನ್ನೂ ಇವೆ, ಅದಕ್ಕೆ. ಅದನ್ನು ಹಂತಹಂತವಾಗಿ ತೆಗೆದುಹಾಕಿ 2033ರ ಹೊತ್ತಿಗೆ ತನ್ನ ಯಾವ ಕ್ರೆಡಿಟ್, ಡೆಬಿಟ್ ಕಾರ್ಡಿನಲ್ಲೂ ಉಳಿಯದಂತೆ ಮಾಡುವುದಾಗಿ ಮಾಸ್ಟರ್‌ಕಾರ್ಡ್ 2021ರಲ್ಲಿ ಹೇಳಿತು. ಅಲ್ಲಿಯವರೆಗೆ ಪಟ್ಟಿ ನಮ್ಮ ಜೇಬಿನಲ್ಲೇ ಇರುತ್ತದೆ. ಇಲ್ಲಿ ಕದ್ದ ಪಟ್ಟಿಯನ್ನು ಕಳ್ಳರು ಚಿಪ್ ಕೇಳದ ದೇಶದಲ್ಲಿ ಬಳಸಲು ನೋಡುತ್ತಾರೆ. ಇದಕ್ಕೆ ನಮ್ಮ ಕೈಯಲ್ಲೇ ಒಂದು ಒಳ್ಳೆಯ ಮದ್ದು ಇದೆ. ಹೊಸ ಕಾರ್ಡ್ ಕೊಡುವಾಗ ಅದು ಭಾರತದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಲ್ಲಿ ಮಾತ್ರ ನಡೆಯಬೇಕು, ವಿದೇಶದ ಬಳಕೆ ಬೇಕೆಂದರೆ ಗ್ರಾಹಕರೇ ಕೇಳಿ ತೆರೆಸಿಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಆದೇಶ ಮಾಡಿತು. ಕಾರ್ಡನ್ನು ಆನ್ ಆಫ್ ಮಾಡುವ, ದಿನದ ಮಿತಿ ಇಡುವ ಸೌಲಭ್ಯವನ್ನೂ ಬ್ಯಾಂಕುಗಳು ಕೊಡಬೇಕು. ನಿಮ್ಮ ಕಾರ್ಡ್ ಹಳೆಯದಾದರೆ ವಿದೇಶ ಬಳಕೆ ತೆರೆದೇ ಇದೆಯಾ ಎಂದು ಬ್ಯಾಂಕಿನ ಆ್ಯಪ್‌ನಲ್ಲಿ ಇವತ್ತೇ ನೋಡಿ. ಊರು ಬಿಟ್ಟು ಪುಣೆಗೆ ಬಂದವರಿಗೆ ದುಬೈನ ಎಟಿಎಂ ಯಾಕೆ ಬೇಕು, ಅಲ್ವಾ?

ನಾಲ್ಕು ಅಂಕಿಯ ದಾರಿ

ಇನ್ನು ಪಿನ್. ಜಗತ್ತಿನ ಮೊದಲ ಎಟಿಎಂ ಲಂಡನ್‌ನ ಎನ್‌ಫೀಲ್ಡ್‌ನಲ್ಲಿ 1967ರ ಜೂನ್ 27ರಂದು ಶುರುವಾಯಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲಾಂಗ್‌ನಲ್ಲಿ. ಪಿನ್‌ಗೆ ಆರು ಅಂಕಿ ಇಡಬೇಕು ಎಂದುಕೊಂಡಿದ್ದರಂತೆ. ನಾಲ್ಕಕ್ಕಿಂತ ಜಾಸ್ತಿ ನೆನಪಿಡಲು ತನಗೆ ಆಗಲ್ಲ ಎಂದು ಹೆಂಡತಿ ಹೇಳಿದ್ದಕ್ಕೆ ನಾಲ್ಕಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಭಾರತಕ್ಕೆ ಎಟಿಎಂ ಬಂದಿದ್ದು 1987ರಲ್ಲಿ, ಮುಂಬೈಗೆ.

ನಾಲ್ಕು ಅಂಕಿ ಎಂದರೆ ಒಟ್ಟು ಹತ್ತು ಸಾವಿರ ಸಾಧ್ಯತೆ. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೂ ಇದು ಕಾಪಾಡುತ್ತಿದೆ. ಕೆಲವೇ ತಪ್ಪು ಪ್ರಯತ್ನಗಳಿಗೆ, ಸಾಮಾನ್ಯವಾಗಿ ಮೂರಕ್ಕೆ, ಕಾರ್ಡ್ ನಿಂತುಬಿಡುತ್ತದೆ. ಇನ್ನೊಂದು ಕಾರಣ, ಪಿನ್ ಒತ್ತುವ ಕೀಪ್ಯಾಡ್.

ಅದು ನಮ್ಮ ಮನೆಯ ಕಂಪ್ಯೂಟರಿನ ಕೀಬೋರ್ಡಿನಂಥದಲ್ಲ. ಆ ಉಕ್ಕಿನ ಗುಂಡಿಗಳ ಕೆಳಗೆ ಅದಕ್ಕೇ ಒಂದು ಪ್ರತ್ಯೇಕ ಚಿಪ್ ಇದೆ. ನೀವು ಪಿನ್ ಒತ್ತಿದಾಗ ಎಟಿಎಂ ಒಳಗಿನ ಕಂಪ್ಯೂಟರಿಗೆ "ಒಂದು ಗುಂಡಿ ಒತ್ತಿದರು" ಎಂದಷ್ಟೇ ತಿಳಿಯುತ್ತದೆ. ಅದಕ್ಕೇ ಪರದೆಯ ಮೇಲೆ ನಕ್ಷತ್ರ ಕಾಣುವುದು. ಯಾವ ಅಂಕಿ ಎಂಬುದು ಕೀಪ್ಯಾಡಿನ ಒಳಗೇ ಉಳಿಯುತ್ತದೆ. ಅಲ್ಲೇ ಪಿನ್‌ಗೆ ಬೀಗ ಬೀಳುತ್ತದೆ. ಮೊದಲು ಪಿನ್ ಅನ್ನು ಕಾರ್ಡ್ ಸಂಖ್ಯೆಯ ಹನ್ನೆರಡು ಅಂಕಿಗಳ ಜೊತೆ ಕಲಸುತ್ತಾರೆ. ಆಮೇಲೆ ಗುಪ್ತ ಕೀಲಿಯಿಂದ, ಅಂದರೆ ಒಂದು ಗುಪ್ತ ಸಂಖ್ಯೆಯಿಂದ, ಗೂಢಲಿಪಿಗೆ ತಿರುಗಿಸುತ್ತಾರೆ. ಹೀಗೆ ಕಲಸುವುದರಿಂದ ನಿಮ್ಮದೂ ನನ್ನದೂ ಪಿನ್ ಒಂದೇ ಆಗಿದ್ದರೂ ಹೊರಗೆ ಬರುವ ಗೂಢಲಿಪಿ ಬೇರೆಬೇರೆ. ಗೌಂಡಿಯವರ ಮಗಳ ಕನ್ನಡ ಅಂಕಿಯಲ್ಲಿ ಇಲ್ಲದ್ದು ಇದೇ. ಅಲ್ಲಿ ಒಂದು ಅಂಕಿಗೆ ಯಾವಾಗಲೂ ಒಂದೇ ಗುರುತು.

ಯಾರಾದರೂ ಕೀಪ್ಯಾಡನ್ನು ಬಿಚ್ಚಿ ಒಳಗಿನ ಕೀಲಿ ಕದಿಯಲು ಹೋದರೆ? ಅದು ತಾನಾಗಿಯೇ ಕೀಲಿಯನ್ನು ಅಳಿಸಿಕೊಳ್ಳುತ್ತದೆ. ಕೀಲಿಯನ್ನು ಮೊದಲು ಯಂತ್ರಕ್ಕೆ ತುಂಬುವಾಗಲೂ ಪೂರ್ತಿ ಕೀಲಿ ಒಬ್ಬರ ಕೈಯಲ್ಲಿ ಇರಬಾರದು ಎಂಬುದು ನಿಯಮ. ಅದನ್ನು ತುಂಡು ಮಾಡಿ ಬೇರೆಬೇರೆ ಅಧಿಕಾರಿಗಳಿಗೆ ಕೊಡುತ್ತಾರೆ. ಬ್ಯಾಂಕಿನ ಲಾಕರಿಗೆ ನಿಮ್ಮದೊಂದು ಕೈ, ಮ್ಯಾನೇಜರದೊಂದು ಕೈ ಬೇಕಲ್ಲ, ಅದೇ ರೀತಿ.

ಆ ಶನಿವಾರ ಏನಾಯಿತು ನೋಡಿ. ವಾರ್ಜೆಯ ಯಂತ್ರ ಒಂದು ಬ್ಯಾಂಕಿನದು, ಗೌಂಡಿಯವರ ಖಾತೆ ಇನ್ನೊಂದು ಬ್ಯಾಂಕಿನ ಇಂಡಿ ಶಾಖೆಯಲ್ಲಿ. ಯಂತ್ರದಿಂದ ಸಂದೇಶ ಮೊದಲು ಯಂತ್ರದ ಬ್ಯಾಂಕಿನ ಸ್ವಿಚ್‌ಗೆ ಹೋಯಿತು. ಸ್ವಿಚ್ ಎಂದರೆ ನಮ್ಮ ಬಸ್ ನಿಲ್ದಾಣದ ಕಂಟ್ರೋಲರ್ ಇದ್ದ ಹಾಗೆ. ಯಾವ ಗಾಡಿ ಯಾವ ದಾರಿಗೆ ಎಂದು ಹೇಳುವುದು ಅದರ ಕೆಲಸ. ಕಾರ್ಡ್ ಸಂಖ್ಯೆಯ ಮೊದಲ ಅಂಕಿಗಳನ್ನು ನೋಡಿ "ಇದು ನಮ್ಮದಲ್ಲ" ಎಂದು ಅದು ತಿಳಿಯಿತು. ಸಂದೇಶವನ್ನು ರಾಷ್ಟ್ರೀಯ ಹಣಕಾಸು ಸ್ವಿಚ್‌ಗೆ ಕಳಿಸಿತು. ಅದನ್ನು ನಡೆಸುವುದು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ. ಅದರ ಮುಖ್ಯ ಕಚೇರಿ ಮುಂಬೈನ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿದೆ. ಅಲ್ಲಿಂದ ಗೌಂಡಿಯವರ ಬ್ಯಾಂಕಿನ ಸ್ವಿಚ್‌ಗೆ, ಅಲ್ಲಿಂದ ಖಾತೆಯ ಲೆಕ್ಕ ಇರುವ ಸರ್ವರಿಗೆ. "ದುಡ್ಡಿದೆಯಾ?" "ಇದೆ, ಕೊಡಿ." ಅದೇ ದಾರಿಯಲ್ಲಿ ಉತ್ತರ ಹಿಂದಕ್ಕೆ ಬಂತು.

ಇಷ್ಟು ಕಡೆ ಹಾದುಹೋದರೂ ಪಿನ್ ಎಲ್ಲೂ ಬಿಚ್ಚಿದ ರೂಪದಲ್ಲಿ ಹೊರಗೆ ಕಾಣಿಸುವುದಿಲ್ಲ. ಒಂದು ಸ್ವಿಚ್‌ನಿಂದ ಇನ್ನೊಂದಕ್ಕೆ ಹೋಗುವಾಗ ಒಂದು ಬೀಗ ತೆಗೆದು ಇನ್ನೊಂದು ಬೀಗ ಹಾಕುತ್ತಾರೆ. ಆ ಕೆಲಸವೂ ಅದಕ್ಕೆಂದೇ ಇರುವ ಗಟ್ಟಿ ಪೆಟ್ಟಿಗೆಯ ಒಳಗೆ ನಡೆಯುತ್ತದೆ. ಬ್ಯಾಂಕಿನ ಮ್ಯಾನೇಜರರಿಗೂ, ಕಂಪ್ಯೂಟರ್ ವಿಭಾಗದವರಿಗೂ ನಿಮ್ಮ ಪಿನ್ ಕಾಣಿಸದು. ಹಾಗಾಗಿ "ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ಪಿನ್ ಹೇಳಿ" ಎಂದು ಫೋನ್ ಬಂದರೆ ಯೋಚಿಸುವ ಅಗತ್ಯವೇ ಇಲ್ಲ. ಬ್ಯಾಂಕಿಗೆ ನಿಮ್ಮ ಪಿನ್ ಯಾವ ಕೆಲಸಕ್ಕೂ ಬೇಕಾಗಿಲ್ಲ. ಕೇಳುವವನು ಕಳ್ಳನೇ.

ಸ್ವಿಚ್‌ಗಳಲ್ಲಿ ನಡೆದ ಕಳ್ಳತನ

ಪಿನ್‌ಗೆ ಸಿಗುವಷ್ಟು ಗಟ್ಟಿ ಬೀಗ ಕಾರ್ಡ್ ಸಂಖ್ಯೆಗೆ ಸಿಗುವುದು ಕಷ್ಟ. ದಾರಿ ತಿಳಿಯಲು ಅದನ್ನು ಸ್ವಿಚ್ ಓದಲೇಬೇಕು. ದೊಡ್ಡ ಕಳ್ಳರು ಕಣ್ಣಿಡುವುದು ಇಲ್ಲೇ. ವಾರ್ಜೆಯ ಒಂದು ಯಂತ್ರವನ್ನು ಒಡೆದರೆ ಆ ಯಂತ್ರದ ದುಡ್ಡು ಸಿಗುತ್ತದೆ. ಸ್ವಿಚ್ ಒಳಗೆ ಕುಳಿತರೆ ಸಾವಿರಾರು ಯಂತ್ರಗಳ ಮಾಹಿತಿ ಸಿಗುತ್ತದೆ.

2016ರ ಅಕ್ಟೋಬರ್‌ನಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಸೋರಿರಬಹುದು ಎಂಬ ಸುದ್ದಿ ಬಂತು. ಬ್ಯಾಂಕುಗಳ ಪರವಾಗಿ ಎಟಿಎಂ ಸೇವೆ ನಡೆಸುತ್ತಿದ್ದ ಹಿಟಾಚಿ ಪೇಮೆಂಟ್ ಸರ್ವೀಸಸ್‌ನ ಕಂಪ್ಯೂಟರುಗಳಲ್ಲಿ ಕಳ್ಳ ಸಾಫ್ಟ್‌ವೇರ್ ಸೇರಿಕೊಂಡಿತ್ತು. ಅದು ಮೇ ತಿಂಗಳಿಂದ ಜುಲೈವರೆಗೆ ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು. 19 ಬ್ಯಾಂಕುಗಳ 641 ಗ್ರಾಹಕರು ಸೇರಿ 1.3 ಕೋಟಿ ರೂಪಾಯಿ ಕಳೆದುಕೊಂಡರು ಎಂದು ಎನ್‌ಪಿಸಿಐ ಆಗ ಹೇಳಿತು. ಲಕ್ಷಾಂತರ ಜನರ ಕಾರ್ಡುಗಳನ್ನು ಬ್ಯಾಂಕುಗಳೇ ನಿಲ್ಲಿಸಿ ಹೊಸದು ಕೊಟ್ಟವು. ಈ 641 ಮಂದಿ ಏನು ತಪ್ಪು ಮಾಡಿದ್ದರು? ಪಿನ್ ಯಾರಿಗೋ ಹೇಳಿರಲಿಲ್ಲ, ಕವರಿನ ಮೇಲೆ ಬರೆದಿಟ್ಟು ಕಳೆದುಕೊಂಡಿರಲಿಲ್ಲ. ಎಟಿಎಂಗೆ ಹೋಗಿ ತಮ್ಮ ದುಡ್ಡು ತೆಗೆದಿದ್ದರು, ಅಷ್ಟೇ.

ಎರಡು ವರ್ಷದ ನಂತರ ನಮ್ಮ ಪುಣೆಯಲ್ಲೇ ಇನ್ನೂ ದೊಡ್ಡದು ನಡೆಯಿತು. ಕಾಸ್ಮಾಸ್ ಸಹಕಾರಿ ಬ್ಯಾಂಕು 1906ರಲ್ಲಿ ಶುರುವಾದದ್ದು. ಅದರ ಮುಖ್ಯ ಕಚೇರಿ ಗಣೇಶಖಿಂಡ ರಸ್ತೆಯಲ್ಲಿದೆ. 2018ರ ಆಗಸ್ಟ್ 11, ಶನಿವಾರ. ಕಳ್ಳರು ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಿಂದ ಸುಮಾರು 12 ಸಾವಿರ ಸಲ ದುಡ್ಡು ತೆಗೆದರು. ಒಟ್ಟು 78 ಕೋಟಿ. ಭಾರತದೊಳಗೂ 2,849 ಸಲ ತೆಗೆದು ಎರಡೂವರೆ ಕೋಟಿ ಒಯ್ದರು. ಸೋಮವಾರ 13ರಂದು 13.92 ಕೋಟಿಯನ್ನು ಹಾಂಗ್‌ಕಾಂಗ್‌ನ ಒಂದು ಖಾತೆಗೆ ವರ್ಗಾಯಿಸಿಕೊಂಡರು. ಒಟ್ಟು 94.42 ಕೋಟಿ.

ಇದು ಹೇಗೆ ಸಾಧ್ಯವಾಯಿತು? ಮೇಲೆ ಹೇಳಿದ ಪ್ರಶ್ನೋತ್ತರವನ್ನು ನೆನಪು ಮಾಡಿಕೊಳ್ಳಿ. "ದುಡ್ಡಿದೆಯಾ?" ಎಂದು ಸ್ವಿಚ್ ಕೇಳಬೇಕು, ಖಾತೆಯ ಸರ್ವರ್ ಉತ್ತರ ಕೊಡಬೇಕು. ಕಳ್ಳರು ನಡುವೆ ಒಂದು ನಕಲಿ ಸ್ವಿಚ್ ಕೂರಿಸಿದರು. ನಕಲಿ ಕಾರ್ಡಿನಿಂದ ಬಂದ ಪ್ರಶ್ನೆ ಖಾತೆಯವರೆಗೆ ಹೋಗಲೇ ಇಲ್ಲ. ನಕಲಿ ಸ್ವಿಚ್ಚೇ "ಇದೆ, ಕೊಡಿ" ಎಂದು ಉತ್ತರಿಸಿತು. ಹೀಗಾಗಿ ಗ್ರಾಹಕರ ಖಾತೆಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ, ಹೋದದ್ದು ಬ್ಯಾಂಕಿನ ದುಡ್ಡು. ಆದರೆ ಸಹಕಾರಿ ಬ್ಯಾಂಕಿನ ದುಡ್ಡು ಎಂದರೆ ಯಾರ ದುಡ್ಡು? ಸದಸ್ಯರದ್ದೇ ಅಲ್ವಾ? ನಕಲಿ ಕಾರ್ಡ್ ಮಾಡಲು ಬೇಕಾದ ಮಾಹಿತಿಯೂ ನಿಜವಾದ ಗ್ರಾಹಕರದ್ದೇ. ನಕಲಿ ಕಾರ್ಡ್ ಹಿಡಿದು ದುಡ್ಡು ತೆಗೆದವರಲ್ಲಿ ಕೆಲವರು ಸಿಕ್ಕಿಬಿದ್ದರು. 2023ರಲ್ಲಿ ಪುಣೆಯ ನ್ಯಾಯಾಲಯ 11 ಮಂದಿಗೆ ಶಿಕ್ಷೆ ವಿಧಿಸಿತು.

ಚಿಕ್ಕ ಸಹಕಾರಿ ಬ್ಯಾಂಕುಗಳಲ್ಲಿ ಹಲವಕ್ಕೆ ಸ್ವಂತ ಸ್ವಿಚ್ ಇಲ್ಲ. ಬೇರೆ ಕಂಪನಿಯ ಸ್ವಿಚ್ಚನ್ನು ಹಲವರು ಸೇರಿ ಬಳಸುತ್ತಾರೆ. ಅಂಥ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗ ಯಾವ ಭದ್ರತೆಗಳನ್ನು ಬ್ಯಾಂಕು ಕಡ್ಡಾಯ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 31ರಂದು ಪಟ್ಟಿ ಕೊಟ್ಟಿತು. ನನ್ನ ಮಟ್ಟಿಗೆ ಇದು ಇನ್ನೂ ಮೊದಲೇ ಬರಬೇಕಿತ್ತು.

ಯಂತ್ರ ಮತ್ತು ಆ ಪುಟ್ಟ ಕೋಣೆ

ಎಟಿಎಂ ಒಳಗೆ ಇರುವುದು ಒಂದು ಸಾಮಾನ್ಯ ಕಂಪ್ಯೂಟರ್ ಮತ್ತು ಕೆಳಗೊಂದು ತಿಜೋರಿ. ತಿಜೋರಿಗೆ ಗಟ್ಟಿ ಬಾಗಿಲು ಇರುತ್ತದೆ. ಕಂಪ್ಯೂಟರಿಗೆ ಬಹಳ ಕಾಲ ಅಷ್ಟು ಕಾವಲು ಇರಲಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿತ್ತು. ಆಮೇಲೂ ವರ್ಷಗಟ್ಟಲೆ ನಮ್ಮ ಎಷ್ಟೋ ಎಟಿಎಂಗಳು ಅದರಲ್ಲೇ ಓಡಿದವು. 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ದಿನಾಂಕ ಹಾಕಿ ಆದೇಶ ಕೊಟ್ಟಿತು. ಯುಎಸ್‌ಬಿ ಕಿಂಡಿಗಳನ್ನು ಮುಚ್ಚಬೇಕು. ಅನುಮತಿ ಇರುವ ಪ್ರೋಗ್ರಾಂ ಮಾತ್ರ ಓಡಬೇಕು. ಕಾರ್ಡ್ ನಕಲು ತಡೆಯುವ ಸಾಧನವನ್ನು 2019ರ ಮಾರ್ಚ್ ಒಳಗೆ ಹಾಕಬೇಕು. ಹಳೆಯ ವಿಂಡೋಸನ್ನು 2019ರ ಜೂನ್ ಒಳಗೆ ಪೂರ್ತಿ ಬದಲಿಸಬೇಕು. ಅದೇ 2019ರಲ್ಲಿ ಎಟಿಎಂಗಳನ್ನು ಗೋಡೆಗೋ ನೆಲಕ್ಕೋ ಕಂಬಕ್ಕೋ ಭದ್ರವಾಗಿ ಕೂರಿಸಬೇಕು ಎಂಬ ನಿಯಮವೂ ಬಂತು. ದುಡ್ಡು ತುಂಬುವವರು ತಿಜೋರಿ ತೆರೆಯಲು ಪ್ರತಿ ಸಲ ಹೊಸ ಅಂಕಿ ಕೇಳುವ ಡಿಜಿಟಲ್ ಬೀಗವೂ ಕಡ್ಡಾಯವಾಯಿತು.

ಸ್ಕಿಮ್ಮರ್ ಎಂಬ ಮಾತು ಕೇಳಿರುತ್ತೀರಿ. ಕಾರ್ಡ್ ತೂರಿಸುವ ಬಾಯಿಯ ಮೇಲೆ ಅದೇ ಬಣ್ಣದ, ಅದೇ ಆಕಾರದ ಒಂದು ಪ್ಲಾಸ್ಟಿಕ್ ಬಾಯಿ ಅಂಟಿಸುತ್ತಾರೆ. ಕಾರ್ಡ್ ಒಳಗೆ ಹೋಗುವಾಗ ಅದು ಕಪ್ಪು ಪಟ್ಟಿಯನ್ನು ಓದಿಕೊಳ್ಳುತ್ತದೆ. ಪಿನ್ ಪಟ್ಟಿಯಲ್ಲಿ ಇಲ್ಲವಲ್ಲ, ಅದಕ್ಕೆ ಒಂದು ಪುಟ್ಟ ಕ್ಯಾಮೆರಾ ಬೇಕು. 2016ರ ಆಗಸ್ಟ್‌ನಲ್ಲಿ ತಿರುವನಂತಪುರದ ಒಂದು ಎಟಿಎಂನಲ್ಲಿ ಇಂಥ ಕ್ಯಾಮೆರಾ ಸಿಕ್ಕಿತು. ಹೊಗೆ ಪತ್ತೆ ಮಾಡುವ ಸಾಧನದಂತೆ ಕಾಣುವ ಡಬ್ಬಿಯಲ್ಲಿ ಅದನ್ನು ಅಡಗಿಸಿದ್ದರು. ಆ ಪ್ರಕರಣದಲ್ಲಿ ರೊಮೇನಿಯಾದ ಒಬ್ಬನನ್ನು ಹಿಡಿದದ್ದು ಮುಂಬೈನಲ್ಲಿ.

ಇಲ್ಲಿ ನಮ್ಮ ಎಡಗೈ ಮಾಡುವ ಕೆಲಸ ಎಲ್ಲ ಯಂತ್ರಕ್ಕಿಂತ ದೊಡ್ಡದು. ಬಲಗೈ ಒತ್ತುವಾಗ ಎಡಗೈಯನ್ನು ಮೇಲೆ ಚಪ್ಪರದಂತೆ ಹಿಡಿದರೆ ಕ್ಯಾಮೆರಾಗೆ ಅಂಕಿ ಸಿಗುವುದಿಲ್ಲ. ಪಿನ್ ಸಿಗದಿದ್ದರೆ ಕದ್ದ ಪಟ್ಟಿಯಿಂದ ಎಟಿಎಂನಲ್ಲಿ ದುಡ್ಡು ಬಾರದು. ಕಾರ್ಡಿನ ಬಾಯಿಯನ್ನು ಒಮ್ಮೆ ಅಲುಗಾಡಿಸಿ ನೋಡುವುದೂ ಒಳ್ಳೆಯದು. ಕಾರ್ಡನ್ನೇ ಬಳಸದೆ ಪರದೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಯುಪಿಐನಿಂದ ದುಡ್ಡು ತೆಗೆಯುವ ಸೌಲಭ್ಯ ಇರುವ ಯಂತ್ರ ಸಿಕ್ಕರೆ ಇನ್ನೂ ವಾಸಿ. ಕಾರ್ಡೇ ಇಲ್ಲದ ಮೇಲೆ ನಕಲು ಮಾಡುವುದಕ್ಕೆ ಏನಿದೆ?

ಇದೆಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವುದು ಮನುಷ್ಯರು ಮಾಡುವ ಸರಳ ಮೋಸ. ಮುಂಬೈನಲ್ಲಿ ಹೋಟೆಲ್ ಕೆಲಸದಿಂದ ನಿವೃತ್ತರಾದ ನಮ್ಮ ದೊಡ್ಡಪ್ಪನಿಗೆ ಆದದ್ದು ಇದು. ಕಾರ್ಡ್ ಯಂತ್ರದೊಳಗೆ ಸಿಕ್ಕಿಕೊಂಡಿತು. ಪಕ್ಕದ ಗೋಡೆಯಲ್ಲಿ ಸಹಾಯವಾಣಿ ಎಂದು ಒಂದು ಸಂಖ್ಯೆ ಅಂಟಿಸಿದ್ದರು. ಫೋನ್ ಮಾಡಿದರು. ಬಹಳ ಮರ್ಯಾದೆಯಿಂದ ಮಾತಾಡಿದ ಹುಡುಗ ಪಿನ್ ಒತ್ತಿ ನೋಡಲು ಹೇಳಿದ, ಆಮೇಲೆ ಕೇಳಿಯೂ ತಿಳಿದುಕೊಂಡ, "ನಾಳೆ ಶಾಖೆಗೆ ಹೋಗಿ ಕಾರ್ಡ್ ತಗೊಳ್ಳಿ ಅಂಕಲ್" ಎಂದ. ದೊಡ್ಡಪ್ಪ ಹೊರಗೆ ಬಂದ ಮೇಲೆ, ಕಾರ್ಡ್ ಸಿಕ್ಕಿಕೊಳ್ಳಲೆಂದು ಮೊದಲೇ ಒಳಗೆ ಸಿಕ್ಕಿಸಿಟ್ಟಿದ್ದ ತುಂಡಿನ ಸಮೇತ ಕಳ್ಳರು ಕಾರ್ಡ್ ಎಳೆದುಕೊಂಡು ಹೋದರು. ಇಪ್ಪತ್ತು ಸಾವಿರ ಹೋಯಿತು. ದೊಡ್ಡಪ್ಪ ಇದನ್ನು ಮನೆಯಲ್ಲಿ ಹೇಳಿಕೊಳ್ಳಲು ನಾಚಿದರು. ಅದು ನನಗೆ ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟಿತು.

ಹೊಣೆ ಯಾರದು

ದೊಡ್ಡಪ್ಪನ ಪ್ರಕರಣದಿಂದಲೇ ಹೇಳುತ್ತೇನೆ. ಅದೇ ಸಂಜೆ ಅವರ ಮಗ ಬ್ಯಾಂಕಿನ ನಿಜವಾದ ಸಂಖ್ಯೆಗೆ ಫೋನ್ ಮಾಡಿ ದೂರು ಕೊಟ್ಟ. ದೂರಿನ ಸಂಖ್ಯೆ ಇರುವ ಎಸ್‌ಎಂಎಸ್ ಬಂತು. ಆ ಎಸ್‌ಎಂಎಸ್ ಬಂದ ಅರ್ಧ ಗಂಟೆಯ ನಂತರ ಇನ್ನೂ ಹತ್ತು ಸಾವಿರ ಹೋಯಿತು! ಬ್ಯಾಂಕಿನವರು ಕಾರ್ಡ್ ನಿಲ್ಲಿಸಿರಲಿಲ್ಲ. ಶಾಖೆಯಲ್ಲಿ "ಪಿನ್ ನೀವೇ ಹೇಳಿದ್ದು, ನಾವೇನೂ ಮಾಡಕ್ಕಾಗಲ್ಲ" ಎಂದರು. ಅದು ಅರ್ಧ ನಿಜ.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇದನ್ನು ಬಿಡಿಸಿ ಹೇಳಿತು. ಗ್ರಾಹಕರ ಅಜಾಗರೂಕತೆಯಿಂದ, ಅಂದರೆ ಪಿನ್ ಹೇಳಿದ್ದರಿಂದ, ದುಡ್ಡು ಹೋದರೆ ದೂರು ಕೊಡುವವರೆಗಿನ ನಷ್ಟ ಗ್ರಾಹಕರದ್ದು. ದೂರು ಕೊಟ್ಟ ಮೇಲಿನ ನಷ್ಟ ಬ್ಯಾಂಕಿನದ್ದು. ಎಸ್‌ಎಂಎಸ್‌ನಲ್ಲಿದ್ದ ಸಮಯವನ್ನು ತೋರಿಸಿ ಬರೆದ ಪತ್ರಕ್ಕೆ ಆ ಹತ್ತು ಸಾವಿರ ವಾಪಸ್ ಬಂತು. ಹಾಗಾಗಿ ದೂರಿನ ಸಂಖ್ಯೆ ಮತ್ತು ಸಮಯ ಇಲ್ಲದೆ ಫೋನ್ ಇಡಬೇಡಿ.

ಆ ಸುತ್ತೋಲೆಯ ಪ್ರಕಾರ, ಬ್ಯಾಂಕಿನ ತಪ್ಪಿನಿಂದ ದುಡ್ಡು ಹೋದರೆ ನೀವು ದೂರು ಕೊಡಲಿ ಬಿಡಲಿ, ನಿಮ್ಮ ಹೊಣೆ ಸೊನ್ನೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಎಂದಾದರೆ ದಿನದ ಲೆಕ್ಕ ಬರುತ್ತದೆ. ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನದೊಳಗೆ ತಿಳಿಸಿದರೆ ಜನಧನದಂಥ ಮೂಲ ಉಳಿತಾಯ ಖಾತೆಗೆ ಹೆಚ್ಚೆಂದರೆ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ ನಷ್ಟ ನಿಮ್ಮದು. ಅದಕ್ಕಿಂತ ತಡವಾದರೆ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ. ಕೆಲಸದ ದಿನಗಳನ್ನು ನಿಮ್ಮ ಮೂಲ ಶಾಖೆಯ ಲೆಕ್ಕದಲ್ಲಿ ಎಣಿಸಬೇಕು, ಸಂದೇಶ ಬಂದ ದಿನ ಬಿಟ್ಟು. ಗೌಂಡಿಯವರಿಗೆ ಅದು ಇಂಡಿ ಶಾಖೆ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. 90 ದಿನದೊಳಗೆ ದೂರು ಮುಗಿಸಬೇಕು. ಇನ್ನೊಂದು ಸಾಲು ಈ ಸುತ್ತೋಲೆಯಲ್ಲಿದೆ, ಅದನ್ನು ಎಲ್ಲ ಶಾಖೆಗಳ ಗೋಡೆಗೂ ಅಂಟಿಸಬೇಕು ಎಂದು ನನಗೆ ಅನಿಸುತ್ತದೆ. ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ನಿಮ್ಮ ಮೇಲಲ್ಲ.

ಶಾಖೆಗೆ ಪತ್ರ ಬರೆಯುವಾಗ ಆ ಎಟಿಎಂನ ಸಿಸಿಟಿವಿ ದೃಶ್ಯ ಮತ್ತು ಯಂತ್ರದ ದಾಖಲೆಯನ್ನು ಉಳಿಸಿಡಿ ಎಂದೂ ಕೇಳಿ. ಹಳೆಯ ದೃಶ್ಯ ಅಳಿಸಿಹೋಗುತ್ತದೆ, ಆದ್ದರಿಂದ ಬೇಗ ಕೇಳಬೇಕು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ.

ಈ ಎಲ್ಲ ದಿನಗಳ ಲೆಕ್ಕ ನಿಂತಿರುವುದು ಬ್ಯಾಂಕಿನ ಸಂದೇಶ ನಿಮ್ಮ ಫೋನಿಗೆ ಬರುವುದರ ಮೇಲೆ. ಊರು ಬಿಟ್ಟು ಬಂದ ನಮ್ಮವರಲ್ಲಿ ನಾನು ಕಾಣುವ ದೊಡ್ಡ ತೊಂದರೆ ಇಲ್ಲಿಯೇ ಇದೆ. ಖಾತೆ ತೆರೆದಾಗ ಕರ್ನಾಟಕದ ಸಿಮ್ ಇತ್ತು. ಪುಣೆಗೆ ಬಂದ ಮೇಲೆ ಹೊಸ ಸಿಮ್ ತೆಗೆದುಕೊಂಡರು. ಹಳೆಯದು ರೀಚಾರ್ಜ್ ಇಲ್ಲದೆ ನಿಂತುಹೋಯಿತು. ಬ್ಯಾಂಕಿನಲ್ಲಿ ಮಾತ್ರ ಹಳೆಯ ಸಂಖ್ಯೆಯೇ ಉಳಿಯಿತು. ನಿಂತುಹೋದ ಸಂಖ್ಯೆಯನ್ನು ಕಂಪನಿಯವರು ಕೆಲವು ತಿಂಗಳ ಬಳಿಕ ಬೇರೆ ಯಾರಿಗೋ ಕೊಡುತ್ತಾರೆ. ಆಮೇಲೆ ನಿಮ್ಮ ಖಾತೆಯ ಸಂದೇಶ, ಒಟಿಪಿ ಎಲ್ಲವೂ ಆ ಅಪರಿಚಿತರಿಗೆ. ಸ್ಟೇಟ್ ಬ್ಯಾಂಕಿನಂಥ ಬ್ಯಾಂಕು ಹತ್ತು ಸಾವಿರ ಮತ್ತು ಅದಕ್ಕಿಂತ ಮೇಲಿನ ಮೊತ್ತಕ್ಕೆ ಎಟಿಎಂನಲ್ಲೂ ಒಟಿಪಿ ಕೇಳುತ್ತದೆ. ಹಳೆಯ ಸಂಖ್ಯೆ ಇದ್ದರೆ ಆ ಭದ್ರತೆ ನಿಮಗೇ ಅಡ್ಡ ಬರುತ್ತದೆ.

ಆ ಗೌಂಡಿಯವರನ್ನೂ ಇದನ್ನೇ ಕೇಳಿದೆ. "ಹಳೇ ನಂಬರ್ ಹೋಗಿ ಎರಡ ವರ್ಷ ಆತ್ರಿ" ಎಂದರು. ದಸರೆಗೆ ಊರಿಗೆ ಹೋದಾಗ ಇಂಡಿ ಶಾಖೆಯಲ್ಲಿ ಅರ್ಜಿ ಕೊಟ್ಟು ಹೊಸ ಸಂಖ್ಯೆ ಹಾಕಿಸಿಕೊಂಡು ಬಂದರು. ದೀಪಾವಳಿಗೆ ಮುಂಚೆ ಮತ್ತೆ ಸಿಕ್ಕರು. ಈ ಸಲ ಅವರ ಬ್ಯಾಂಕಿನದೇ ಎಟಿಎಂ ಹುಡುಕಿಕೊಂಡು ಇಬ್ಬರೂ ಹೋದೆವು, ಪಿನ್ ಬದಲಾಯಿಸಲು. ಪರದೆಯಲ್ಲಿ ಯಾವುದನ್ನು ಒತ್ತಬೇಕು ಎಂದು ತೋರಿಸಿದೆ. ಹೊಸ ಅಂಕಿ ಒತ್ತುವ ಹೊತ್ತಿಗೆ ಅವರು ಹೆಗಲ ಮೇಲಿದ್ದ ಟವೆಲನ್ನು ಕೀಪ್ಯಾಡಿನ ಮೇಲೆ ಹರಡಿಕೊಂಡು ನನ್ನ ಕಡೆ ನೋಡಿದರು.

"ಸರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವೂ ಒಂಚೂರ ಆ ಕಡೆ ತಿರುಗ್ರಿ."

ನಾನು ಬಾಗಿಲ ಕಡೆ ತಿರುಗಿ ನಿಂತೆ.